ಒಂದು ಮಾಸ್ಕ್ ಮಾಡಿದರೆ ಇನ್ನೊಂದು ಮಾಯ

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಂಗ್ಲೆಂಡಿನ ಐಸಿಸ್ ನ್ಯೂಟ್ರಾನ್ ಕೇಂದ್ರದ ಡೇಟಾವನ್ನು ಮ್ಯಾಂಟಿಡ್ ಎಂಬ ಡೇಟಾ ಸಂಸ್ಕರಣೆಯ ಸಾಫ್ಟ್‌ವೇರ್‌ನಲ್ಲಿ ನೋಡುವಾಗ 57ನೇ ಸಾಲು, ಅಂದರೆ ಒಂದು ಡಿಟೆಕ್ಟರ್‌ನ ನ್ಯೂಟ್ರಾನ್ ಎಣಿಕೆಗಳ ಸ್ಪೆಕ್ಟ್ರಮ್, ಪೂರ್ತಿ ಗಲೀಜಾಗಿತ್ತು. ಕೆಟ್ಟ ಡಿಟೆಕ್ಟರನ್ನು ಲೆಕ್ಕದಿಂದ ಹೊರಗಿಡುವ (ಮಾಸ್ಕ್ ಮಾಡುವ) ಮಾಸ್ಕ್‌ಡಿಟೆಕ್ಟರ್ಸ್‌ನ ಸ್ಪೆಕ್ಟ್ರಾ ಲಿಸ್ಟ್‌ಗೆ 57 ಎಂದು ಕೊಟ್ಟೆ. ಪಕ್ಕದ ಒಳ್ಳೇ ಸ್ಪೆಕ್ಟ್ರಮ್ ಸೊನ್ನೆಯಾಯಿತು! ಮಾಸ್ಕ್ ತೆಗೆಯಲು ಕ್ಲಿಯರ್‌ಮಾಸ್ಕ್‌ಫ್ಲ್ಯಾಗ್ ಓಡಿಸಿದರೂ ವಾಪಸ್ ಬರಲಿಲ್ಲ.

ಉತ್ತರ: ನಮ್ಮೂರಿನ ಹಳೇ ಬಡಾವಣೆಗಳಲ್ಲಿ ಮನೆ ಹುಡುಕಿದ್ದೀರಾ? ಗೇಟಿನ ಮೇಲೆ ಹಳೇ ನಂಬರ್, ಕೆಳಗೆ ಹೊಸ ನಂಬರ್, ಕರೆಂಟ್ ಬಿಲ್ಲಿನಲ್ಲಿ ಆರ್‌ಆರ್ ನಂಬರ್. ಮನೆ ಒಂದೇ. ಇಲ್ಲೂ ಹಾಗೇ: ವರ್ಕ್‌ಸ್ಪೇಸ್ ಇಂಡೆಕ್ಸ್ (ಲೋಡ್ ಆದ ಡೇಟಾದಲ್ಲಿ ಸಾಲಿನ ಸ್ಥಾನ), ಸ್ಪೆಕ್ಟ್ರಮ್ ನಂಬರ್ (ಆ ಸ್ಪೆಕ್ಟ್ರಮ್‌ನದೇ ಹೆಸರಿನಂಥ ಸಂಖ್ಯೆ), ಡಿಟೆಕ್ಟರ್ ಐಡಿ (ಉಪಕರಣದಲ್ಲಿ ಡಿಟೆಕ್ಟರ್‌ನ ಗುರುತು) ಅಂತ ಮೂರು. ಇಂಡೆಕ್ಸ್ ಸೊನ್ನೆಯಿಂದ ಶುರು, ಸ್ಪೆಕ್ಟ್ರಮ್ ನಂಬರ್ ಸಾಮಾನ್ಯವಾಗಿ 1ರಿಂದ. ನೀವು ಕಂಡ 57 ಇಂಡೆಕ್ಸ್, ಅದರ ಸ್ಪೆಕ್ಟ್ರಮ್ ನಂಬರ್ 58. ಟೇಬಲ್‌ನಲ್ಲಿ ಸಾಲಿನ ತಲೆಯಲ್ಲೇ ಎರಡೂ ಬರೆದಿರುತ್ತೆ, ನಾವೇ ನೋಡಲ್ಲ ಅಷ್ಟೆ. ಸ್ಕ್ರಿಪ್ಟಿನಲ್ಲಿ ನಾನಂತೂ ಸ್ಪೆಕ್ಟ್ರಮ್ ನಂಬರನ್ನೇ ಬಳಸುತ್ತೇನೆ, ಯಾಕೆಂದರೆ ರಿಮೂವ್‌ಮಾಸ್ಕ್ಡ್‌ಸ್ಪೆಕ್ಟ್ರಾ ಓಡಿಸಿ ಕೆಲವು ಸಾಲು ತೆಗೆದ ಕೂಡಲೇ ಕೆಳಗಿನ ಸಾಲುಗಳ ಇಂಡೆಕ್ಸ್ ಬದಲಾಗುತ್ತೆ, ಸ್ಪೆಕ್ಟ್ರಮ್ ನಂಬರ್ ಮಾತ್ರ ಅಲ್ಲಾಡಲ್ಲ.

ಇನ್ನು ವಾಪಸ್ ಬರದಿದ್ದುದರ ಬಗ್ಗೆ. ಮಾಸ್ಕ್ ಅಂದರೆ ಬಟ್ಟೆ ಮುಚ್ಚಿದ ಹಾಗೆ ಅಂದುಕೊಂಡಿರಿ, ಅಲ್ವಾ? ಅದು ಎರಡು ಕೆಲಸ ಮಾಡುತ್ತೆ: ಡಿಟೆಕ್ಟರ್‌ಗೆ ಒಂದು ಗುರುತು ಹಾಕುತ್ತೆ, ಎಣಿಕೆ ಮತ್ತು ಎರರ್ ಎರಡನ್ನೂ ಸೊನ್ನೆ ಮಾಡುತ್ತೆ. ಗುರುತು ಅಳಿಸಬಹುದು, ಸೊನ್ನೆ ಸೊನ್ನೆಯೇ. ಫೈಲನ್ನು ಮತ್ತೆ ಲೋಡ್ ಮಾಡಿ. ಮುಂದಿನ ಸಲ ಮೊದಲೇ ಕ್ಲೋನ್‌ವರ್ಕ್‌ಸ್ಪೇಸ್‌ನಿಂದ ಒಂದು ನಕಲು ಮಾಡಿಟ್ಟುಕೊಳ್ಳಿ.

ಈ ಸೊನ್ನೆ ಇನ್ನೊಂದು ಕಡೆಯೂ ಕಚ್ಚುತ್ತೆ. ಸ್ಪೆಕ್ಟ್ರಮ್‌ಗಳನ್ನು ಕೂಡಿಸುವ ಸಮ್‌ಸ್ಪೆಕ್ಟ್ರಾಗೆ ಈ ಗುರುತು ಗೊತ್ತು, ಅಂಥವನ್ನು ಬಿಟ್ಟು ಕೂಡಿಸುತ್ತೆ. ಆದರೆ ನೀವೇ ನಂಪೈಗೆ (ಪೈಥಾನ್‌ನ ಲೆಕ್ಕದ ಲೈಬ್ರರಿ) ತಗೊಂಡು ಸರಾಸರಿ ತೆಗೆದರೆ? 100ರಲ್ಲಿ 10 ಮಾಸ್ಕ್ ಆಗಿದ್ದು, ಉಳಿದವೆಲ್ಲ 50 ಎಣಿಕೆ ತೋರಿಸುತ್ತಿದ್ದರೂ ಉತ್ತರ 45 ಬರುತ್ತೆ. ನಾನು ಒಮ್ಮೆ ಈ ಕಳೆದುಹೋದ ತೀವ್ರತೆಯನ್ನು ಸ್ಯಾಂಪಲ್‌ನಲ್ಲಿ ಎರಡು ದಿನ ಹುಡುಕಿದ್ದೆ.

ಕೊನೆಗೆ, ಕೆಟ್ಟ ಡಿಟೆಕ್ಟರ್ ಯಾವುದೆಂದು ಸ್ಯಾಂಪಲ್ ರನ್ (ಸ್ಯಾಂಪಲ್ ಇಟ್ಟು ಮಾಡಿದ ಅಳತೆ) ನೋಡಿ ತೀರ್ಮಾನಿಸಬೇಡಿ. ಜೋರಾದ ಬ್ರ್ಯಾಗ್ ಪೀಕ್ (ಹರಳಿನಿಂದ ಒಂದೇ ದಿಕ್ಕಿಗೆ ಒತ್ತಾಗಿ ಚದುರಿದ ನ್ಯೂಟ್ರಾನ್‌ಗಳು) ಬಿದ್ದ ಡಿಟೆಕ್ಟರ್ ಟ್ಯೂಬ್ ಕೂಡ ಕೆಟ್ಟಿರುವ ಹಾಗೇ ಕಾಣುತ್ತೆ. ವೆನೇಡಿಯಂ ಲೋಹ ನ್ಯೂಟ್ರಾನ್‌ಗಳನ್ನು ಹೆಚ್ಚುಕಡಿಮೆ ಎಲ್ಲ ಕಡೆಗೂ ಸಮನಾಗಿ ಚದುರಿಸುವುದರಿಂದ ಆ ರನ್‌ನಲ್ಲಿ ಸತ್ತಿದ್ದು, ಕಿರುಚುತ್ತಿರುವುದು ಎರಡೂ ಥಟ್ಟನೆ ಸಿಗುತ್ತವೆ. ಅದರಿಂದ ಮಾಸ್ಕ್ ಮಾಡಿ, ಸೇವ್‌ಮಾಸ್ಕ್‌ನಲ್ಲಿ ಫೈಲ್ ಉಳಿಸಿ, ಅದೇ ಸೈಕಲ್‌ನ (ಕೇಂದ್ರ ಒಂದು ಸಲ ಓಡುವ ಅವಧಿಯ) ಎಲ್ಲ ರನ್‌ಗಳಿಗೂ ಅದನ್ನೇ ಹಾಕಿ.