ಗೋಡೆಯ ಮೇಲಿನ ಎರಡನೆಯ ಭಾಷೆ

ಓದುಗರ ಪತ್ರ: "ನಮ್ಮಲ್ಲಿನ ಗ್ಯಾಲರಿಯೊಂದರಲ್ಲಿ ವಲಸೆ ಬಂದ ಸಮುದಾಯವೊಂದರ ಬದುಕನ್ನು ಕುರಿತ ಸಮಕಾಲೀನ ಕಲೆಯ ಪ್ರದರ್ಶನ ನೋಡಿದೆ. ಎರಡು ಗಂಟೆ ಅಲ್ಲೇ ಇದ್ದೆ. ಪ್ರತಿ ಕೃತಿಯ ಪಕ್ಕದಲ್ಲೂ ಎರಡು ಭಾಷೆಯ ಬರಹ. ಒಂದು ನನಗೆ ಓದಲೇ ಬರದು. ಕೃತಿಗಳ ನಡುವೆ ಆ ಜನರ ಮನೆಯ ಹಳೆಯ ಬಟ್ಟೆ, ಫೋಟೊ, ಪಾತ್ರೆಗಳು. ಒಳ್ಳೆಯ ಕಲೆ ತಾನೇ ಮಾತಾಡಬೇಕಲ್ಲವೇ? ಇಷ್ಟೊಂದು ಬರಹ ಯಾಕೆ? ಇದು ಗ್ಯಾಲರಿಯೋ, ವಸ್ತುಸಂಗ್ರಹಾಲಯವೋ?"

ಸಂಪಾದಕರ ಉತ್ತರ:

ಒಂದು ಪ್ರದರ್ಶನದಲ್ಲಿ ಎರಡು ಗಂಟೆ ಕಳೆದವರ ದೂರನ್ನು ಹಗುರವಾಗಿ ತಳ್ಳಿಹಾಕಲಾಗದು. ಹೆಚ್ಚಿನವರು ಒಂದು ಸುತ್ತು ಹಾಕಿ ಹೊರಬರುತ್ತಾರೆ; ನೀವು ನಿಂತು ನೋಡಿದ್ದೀರಿ, ಮನೆಗೆ ಬಂದು ಕೂತು ಬರೆದಿದ್ದೀರಿ. ನಿಮ್ಮ ಮಾತಿನಲ್ಲಿ ನಿಜವೂ ಇದೆ. ವಲಸೆ ಎಂದೊಡನೆ ಬಾಯ್ತೆರೆದ ಸೂಟ್‌ಕೇಸು, ನಕ್ಷೆಯ ಮೇಲೆ ಕೆಂಪು ದಾರ, ದೊಡ್ಡದು ಮಾಡಿ ಅಂಟಿಸಿದ ಪಾಸ್‌ಪೋರ್ಟ್ ಫೋಟೊ ಇವು ಸವೆದ ಹಾದಿಯಾಗಿವೆ. ಮುನ್ನೂರು ಪದಗಳ ಗೋಡೆಬರಹವನ್ನು ನಿಂತುಕೊಂಡು ಯಾರೂ ಓದುವುದಿಲ್ಲ ಎಂಬುದೂ ಸರಿ. ಅಷ್ಟನ್ನು ಒಪ್ಪಿಕೊಂಡೆವು.

ಆದರೆ "ಒಂದು ನನಗೆ ಓದಲೇ ಬರದು" ಎಂಬ ಸಾಲು ನಮ್ಮನ್ನು ಹಿಡಿದು ನಿಲ್ಲಿಸಿತು. ಆ ಬರಹ ನಿಮಗಾಗಿ ಬರೆದದ್ದಲ್ಲ. ಯಾರ ಬದುಕು ಆ ಗೋಡೆಯ ಮೇಲಿದೆಯೋ ಅವರ ತಾಯಿಗೆ, ಅಜ್ಜನಿಗೆ ಬರೆದದ್ದು. ಅವರ ಬದುಕನ್ನು ಅವರಿಗೇ ಓದಲಾಗದ ಭಾಷೆಯಲ್ಲಿ ಮಾತ್ರ ವಿವರಿಸಿದರೆ ಅವರು ಅಲ್ಲಿ ನೋಡುಗರಾಗಿ ಉಳಿಯುವುದಿಲ್ಲ, ತಾವೇ ಪ್ರದರ್ಶನದ ವಸ್ತುವಾಗುತ್ತಾರೆ. ಅಲ್ಲಿ ನಿಮಗಾದ ಕಿರಿಕಿರಿ ನಿಮಗೆ ಒಂದು ಮಧ್ಯಾಹ್ನದ್ದು. ಆ ಸಮುದಾಯದ ಹಿರಿಯರಿಗೆ ಆಸ್ಪತ್ರೆಯ ಕಿಟಕಿಯಿಂದ ಹಿಡಿದು ಮಕ್ಕಳ ಶಾಲೆಯ ನೋಟಿಸಿನವರೆಗೆ ಅದು ದಿನನಿತ್ಯದ್ದು.

ಕಲೆ ತಾನೇ ಮಾತಾಡಬೇಕು ಎನ್ನುತ್ತೀರಿ. ಯಾವ ಭಾಷೆಯಲ್ಲಿ? ಕಲಾವಿದೆ ಮೋನಾ ಹಾತೂಮ್ ಬೈರೂತಿನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಮನೆತನದವರು. 1975ರಲ್ಲಿ ಲೆಬನಾನಿನ ಅಂತರ್ಯುದ್ಧ ಶುರುವಾದಾಗ ಲಂಡನ್ನಿನಲ್ಲಿದ್ದರು, ಅಲ್ಲಿಯೇ ಉಳಿಯಬೇಕಾಯಿತು. ಅವರ 1988ರ 'ಮೆಷರ್ಸ್ ಆಫ್ ಡಿಸ್ಟನ್ಸ್' ಸುಮಾರು ಹದಿನೈದು ನಿಮಿಷದ ವಿಡಿಯೊ. ಪರದೆಯ ಮೇಲೆ ತಾಯಿಯ ಸ್ನಾನದ ಚಿತ್ರಗಳು, ಅವುಗಳ ಮೇಲೆ ತಾಯಿ ಬರೆದ ಪತ್ರಗಳ ಅರಬ್ಬಿ ಕೈಬರಹ ಪರದೆಯಂತೆ ಇಳಿಬಿದ್ದಿದೆ. ಆ ಪತ್ರಗಳನ್ನು ಮಗಳು ಇಂಗ್ಲಿಷಿನಲ್ಲಿ ಓದುವ ದನಿ ಭಾರವಾಗಿದೆ; ಹಿನ್ನೆಲೆಯಲ್ಲಿ ತಾಯಿ ಮಗಳು ಅರಬ್ಬಿಯಲ್ಲಿ ಹರಟೆ ಹೊಡೆಯುತ್ತಿದ್ದಾರೆ, ನಗುತ್ತಿದ್ದಾರೆ. ಅರಬ್ಬಿ ಬಾರದವರಿಗೆ ಆ ಅಕ್ಷರ ಮುಳ್ಳುತಂತಿಯಂತೆ ಕಾಣುತ್ತದೆ. ಬಲ್ಲವರಿಗೆ ಅದು ಅಮ್ಮನ ಕೈಬರಹ. ಇಬ್ಬರೂ ಒಂದೇ ಕೃತಿಯನ್ನು ನೋಡುತ್ತಾರೆ, ಒಂದೇ ಅನುಭವ ಹೊತ್ತು ಬರುವುದಿಲ್ಲ. ಈ ವ್ಯತ್ಯಾಸವೇ ಆ ಕೃತಿಯ ಹೂರಣ.

ಅಲೀಗಢದಲ್ಲಿ 1937ರಲ್ಲಿ ಹುಟ್ಟಿ, ದೇಶದಿಂದ ದೇಶಕ್ಕೆ ಅಲೆದು, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಕಲಾವಿದೆ ಜರೀನಾ ಅವರದು ಇನ್ನೂ ನೇರವಾದ ಉದಾಹರಣೆ. 1999ರ 'ಹೋಮ್ ಈಸ್ ಎ ಫಾರಿನ್ ಪ್ಲೇಸ್' ಮೂವತ್ತಾರು ಮರದಚ್ಚಿನ ಮುದ್ರಣಗಳ ಮಾಲೆ. ಒಂದೊಂದರಲ್ಲೂ ಒಂದು ಉರ್ದು ಪದವಿದೆ: ಮನೆ, ಹೊಸ್ತಿಲು, ಗೋಡೆ ಇಂಥವು. ಅವರಿಗೆ ಮೊದಲು ಪದ ಹುಟ್ಟುತ್ತಿತ್ತು, ರೇಖೆ ಆಮೇಲೆ. ಅಲ್ಲಿ ಪದವನ್ನು ಮುಚ್ಚಿ ಚಿತ್ರ ಮಾತ್ರ ನೋಡುತ್ತೇನೆ ಎಂದರೆ ಅರ್ಧ ಕೃತಿ ನೋಡಿದಂತೆ.

ಪ್ಯಾಲೆಸ್ತೀನಿ ಕಲಾವಿದೆ ಎಮಿಲಿ ಜಾಸಿರ್ ಅವರ 'ವೇರ್ ವಿ ಕಮ್ ಫ್ರಮ್' (2001-03) ಅಂತೂ ಬರಹ ತೆಗೆದರೆ ಇಲ್ಲವೇ ಇಲ್ಲ. ಊರಿಗೆ ಹೋಗಲಾಗದ, ಊರೊಳಗೆ ಓಡಾಡಲಾಗದ ಪ್ಯಾಲೆಸ್ತೀನಿಯರನ್ನು ಅವರು ಕೇಳಿದರು: ನಿಮ್ಮ ಪರವಾಗಿ ನಾನು ಅಲ್ಲಿ ಏನು ಮಾಡಲಿ? ಒಬ್ಬರು ಜೆರುಸಲೇಮಿನಲ್ಲಿರುವ ಅಮ್ಮನ ಗೋರಿಗೆ ಹೂವಿಡಲು ಹೇಳಿದರು. ಇನ್ನೊಬ್ಬರು ಹೈಫಾದಲ್ಲಿ ಮೊದಲು ಕಂಡ ಪ್ಯಾಲೆಸ್ತೀನಿ ಹುಡುಗನೊಡನೆ ಫುಟ್‌ಬಾಲ್ ಆಡು ಎಂದರು. ಮತ್ತೊಬ್ಬರು ಅಂಚೆ ಕಚೇರಿಗೆ ಹೋಗಿ ಫೋನ್ ಬಿಲ್ ಕಟ್ಟಲು ಹೇಳಿದರು. ಜಾಸಿರ್ ತಮ್ಮ ಅಮೆರಿಕದ ಪಾಸ್‌ಪೋರ್ಟಿನ ಬಲದಿಂದ ಹೋಗಿ ಇವನ್ನೆಲ್ಲ ಮಾಡಿದರು. ಗೋಡೆಯ ಮೇಲೆ ಇರುವುದು ಒಂದು ಸಾದಾ ಫೋಟೊ. ಪಕ್ಕದಲ್ಲಿ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಆ ಬೇಡಿಕೆ, ಕೇಳಿದವರು ತಾವೇ ಹೋಗಲಾಗದ ಕಾರಣ. ಬರಹವಿಲ್ಲದೆ ಆ ಫೋಟೊ ಯಾವುದೋ ಸಮಾಧಿ, ಯಾವುದೋ ಅಂಚೆ ಕಚೇರಿ.

ಹಾಗೆಂದು ಎರಡು ಭಾಷೆಯ ಫಲಕ ಹಾಕಿದವರೆಲ್ಲ ಪುಣ್ಯದ ಕೆಲಸ ಮಾಡಿದರು ಎನ್ನುತ್ತಿಲ್ಲ. ಹೆಚ್ಚಿನ ಕಡೆ ಅದನ್ನು ಕೆಟ್ಟದಾಗಿ ಮಾಡುತ್ತಾರೆ, ಕೆಡುವುದು ಬಹುಪಾಲು ಒಂದೇ ಜಾಗಗಳಲ್ಲಿ. ಮೊದಲನೆಯದು ಸಮಯ. ಮೂಲ ಬರಹವನ್ನು ಪ್ರದರ್ಶನ ರೂಪಿಸುವ ಕ್ಯುರೇಟರು ಕೊನೆಯ ವಾರದವರೆಗೆ ತಿದ್ದುತ್ತಾರೆ, ಅನುವಾದಕರ ಕೈಗೆ ಎರಡು ದಿನ ಉಳಿಯುತ್ತದೆ. ಆಗಬೇಕಾದದ್ದು ಬೇರೆ: ಕಲಾವಿದರು ಸಮುದಾಯದವರನ್ನು ಮಾತಾಡಿಸುವಾಗಲೇ ಅನುವಾದಕರು ಅಲ್ಲಿ ಕೂತಿರಬೇಕು. ಅಜ್ಜಿ ತನ್ನ ನುಡಿಯಲ್ಲಿ ಹೇಳಿದ್ದನ್ನು ಮೊದಲು ಇಂಗ್ಲಿಷಿಗೆ ಇಳಿಸಿ, ಅಲ್ಲಿ ನಯಮಾಡಿ, ಮತ್ತೆ ಅಜ್ಜಿಯ ನುಡಿಗೆ ತಂದರೆ ಅಜ್ಜಿಗೇ ತನ್ನ ಮಾತಿನ ಗುರುತು ಸಿಗದು. ಯಾವ ಭಾಷೆಯಲ್ಲಿ ಮಾತು ಮೊದಲು ಹುಟ್ಟಿತೋ ಅದೇ ಮೂಲ. ಫಲಕದ ಮೇಲ್ಭಾಗವೂ ಅದಕ್ಕೇ ಸಲ್ಲಬೇಕು.

ಎರಡನೆಯದು ಜಾಗ. ಕೃತಿಯ ಪಕ್ಕದ ಚೀಟಿಗೆ ಅರವತ್ತರಿಂದ ಎಪ್ಪತ್ತೈದು ಪದ, ಕೋಣೆಯ ಬಾಗಿಲ ಬಳಿಯ ಬರಹಕ್ಕೆ ನೂರೈವತ್ತು ಪದ ಸಾಕು. ಅನುವಾದ ಅನೇಕ ಸಲ ಮೂಲಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ವಿನ್ಯಾಸಕಾರರು ಇಂಗ್ಲಿಷಿನ ಅಳತೆಗೆ ಚೌಕಟ್ಟು ಹಾಕಿಟ್ಟಿರುತ್ತಾರೆ; ಹಿಡಿಸದಿದ್ದಾಗ ಎರಡನೆಯ ಭಾಷೆಯ ಅಕ್ಷರವನ್ನು ಕುಗ್ಗಿಸುತ್ತಾರೆ. ಒಂದು ಇಪ್ಪತ್ತು ಪಾಯಿಂಟ್, ಇನ್ನೊಂದು ಹದಿನಾಲ್ಕು. ಓದಲು ಬಾರದವರಿಗೂ ಅಲ್ಲಿ ಯಜಮಾನ ಯಾರು, ನೆಂಟ ಯಾರು ಎಂಬುದು ತಿಳಿದುಹೋಗುತ್ತದೆ. ಚೌಕಟ್ಟನ್ನು ಉದ್ದದ ಬರಹಕ್ಕೆ ಅಳೆಯಬೇಕು. ಪಾಯಿಂಟ್ ಒಂದೇ ಆದ ಮಾತ್ರಕ್ಕೆ ಕಣ್ಣಿಗೆ ಒಂದೇ ಗಾತ್ರ ಕಾಣುವುದಿಲ್ಲ ಎಂಬುದೂ ನೆನಪಿರಲಿ. ಉರ್ದುವಿನ ನಸ್ತಾಲೀಕ್ ಬರವಣಿಗೆ ಶೈಲಿ ಅದೇ ಪಾಯಿಂಟಿನ ರೋಮನ್ ಲಿಪಿಯ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ. ರೋಮನ್ನಿಗೆ ಅಕ್ಷರದ 1.2 ಪಟ್ಟು ಸಾಲಿನಂತರ ಸಾಕಾದರೆ, ಕೆಳಗೆ ಒತ್ತು ಇಳಿಯುವ ಕನ್ನಡದಂಥ ಲಿಪಿಗೆ 1.5ರಷ್ಟು ಬಿಡಬೇಕು; ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ.

ಮೂರನೆಯದು ಕಂಪ್ಯೂಟರು. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ಪ್ಯಾರಾದ ಜೋಡಣೆ ರೋಮನ್ ಲಿಪಿಯದ್ದೇ ಆಗಿ ಉಳಿದರೆ ಭಾರತೀಯ ಲಿಪಿಗಳ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ. ಅರಬ್ಬಿಯ ಅಕ್ಷರಗಳು ಕೈಬಿಟ್ಟು ಒಂಟಿಯಾಗಿ, ಎಡದಿಂದ ಬಲಕ್ಕೆ ಹಿಂದುಮುಂದಾಗಿ ಸಾಲುಗಟ್ಟುತ್ತವೆ. 'ವರ್ಲ್ಡ್ ರೆಡಿ' ಎಂಬ ಜೋಡಣೆಯನ್ನು ಆರಿಸಿದರೆ ಮುಗಿಯುವ ಕೆಲಸ ಇದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದರೆ ಫಾಂಟ್ ಬದಲಿಸಿದೊಡನೆ ಇಡೀ ಬರಹ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಲಿಪಿ ಬಾರದ ವಿನ್ಯಾಸಕಾರರ ಕಣ್ಣಿಗೆ ಇವು ಯಾವುದೂ ತಪ್ಪೆಂದು ಕಾಣುವುದಿಲ್ಲ. ಆದ್ದರಿಂದ ಕರಡನ್ನು ಅನುವಾದಕರು ವರ್ಡ್ ಕಡತದಲ್ಲಿ ತಿದ್ದಿದರೆ ಸಾಲದು. ಮುದ್ರಣಕ್ಕೆ ಹೋಗುವ ಪಿಡಿಎಫ್ ಅನ್ನೇ, ಅಕ್ಷರಗಳನ್ನು ಆಕೃತಿಗಳಾಗಿ ಬದಲಿಸಿದ ಮೇಲೆ, ನಿಜದ ಗಾತ್ರದಲ್ಲಿ ಕಾಗದಕ್ಕೆ ಇಳಿಸಿ ಗೋಡೆಗೆ ಅಂಟಿಸಿ ಓದಬೇಕು. ವಿನೈಲ್ ಅಂಟುಹಾಳೆಯಲ್ಲಿ ಕತ್ತರಿಸಿದ ಅಕ್ಷರವಾದರೆ ಇನ್ನೊಂದು ತಾಪತ್ರಯ. ಸುತ್ತಲಿನ ಹಾಳೆ ಎಬ್ಬಿಸುವಾಗ ಬಿಡಿಯಾಗಿರುವ ಚುಕ್ಕೆ, ಸಣ್ಣ ಒತ್ತು ಅದರ ಜೊತೆಗೇ ಎದ್ದು ಬರುತ್ತವೆ. ಅಕ್ಷರ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದರೆ ವಿನೈಲ್ ಬೇಡ, ಮುದ್ರಿಸಿದ ಫಲಕವೇ ಲೇಸು.

ಬೆಳಕಿನದ್ದೂ ಒಂದು ಮಾತು. ಬಟ್ಟೆ, ಕಾಗದ, ಹಳೆಯ ಫೋಟೊ ಇರುವ ಕೋಣೆಯಲ್ಲಿ ಬೆಳಕಿನ ಪ್ರಮಾಣ 50 ಲಕ್ಸ್ ದಾಟಬಾರದು ಎಂಬ ರೂಢಿ ಸರಿಯಾದದ್ದೇ, ಬಣ್ಣ ಮಾಸದಿರಲು ಅದು ಬೇಕು. ಅದೇ ಮಬ್ಬು ಫಲಕದ ಮೇಲೂ ಬೀಳುತ್ತದೆ. ಅಲ್ಲಿ ಬಿಳಿಯ ಮೇಲೆ ಬೂದು ಬಣ್ಣದ ನಾಜೂಕು ಅಕ್ಷರ ಹಾಕಿದರೆ ಎಪ್ಪತ್ತು ದಾಟಿದವರು ಮೂಗು ತಾಗಿಸಿ ನಿಲ್ಲಬೇಕು. ಕಪ್ಪು ಅಕ್ಷರ, ಇಪ್ಪತ್ತನಾಲ್ಕು ಪಾಯಿಂಟ್, ಚಿತ್ರದ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಗಾಲಿಕುರ್ಚಿಯಲ್ಲಿ ಬಂದವರಿಗೂ ಅದು ಎಟುಕುತ್ತದೆ.

ಇನ್ನು ಮನೆಯ ಬಟ್ಟೆ, ಪಾತ್ರೆಗಳ ಪ್ರಶ್ನೆ. ಕಲಾವಿದ ಯಿಂಕಾ ಶೋನಿಬಾರೆ ಲಂಡನ್ನಿನಲ್ಲಿ ಹುಟ್ಟಿ ಲಾಗೋಸಿನಲ್ಲಿ ಬೆಳೆದವರು. ಅವರ ಕೃತಿಗಳಲ್ಲಿ ನೋಡಿದೊಡನೆ 'ಆಫ್ರಿಕದ್ದು' ಎನಿಸುವ ಬಟ್ಟೆಯ ಮೂಲ ಇಂಡೊನೇಷ್ಯಾದ ಬಾಟಿಕ್. ಅದನ್ನು ನಕಲು ಮಾಡಿ ಯಂತ್ರದಲ್ಲಿ ಮುದ್ರಿಸಿದವರು ಡಚ್ಚರು. ಮಾರಾಟವಾದದ್ದು ಪಶ್ಚಿಮ ಆಫ್ರಿಕದಲ್ಲಿ. ಶೋನಿಬಾರೆ ಕೊಂಡದ್ದು ಲಂಡನ್ನಿನ ಬ್ರಿಕ್ಸ್‌ಟನ್ ಮಾರುಕಟ್ಟೆಯಲ್ಲಿ. ಒಂದು ಗಜ ಬಟ್ಟೆ 'ನಮ್ಮದು' ಎಂಬ ಮಾತನ್ನು ಎಷ್ಟು ಕಡೆಯಿಂದ ಬಿಚ್ಚುತ್ತದೆ ನೋಡಿ. ಜಸ್ಲೀನ್ ಕೌರ್ ಗ್ಲಾಸ್ಗೋದ ಸಿಖ್ ಮನೆತನದವರು. ಕೆಂಪು ಫೋರ್ಡ್ ಎಸ್ಕಾರ್ಟ್ ಕಾರಿಗೆ ಕ್ರೋಶೆಯ ಬೃಹತ್ ಹೊದಿಕೆ ಹೊದಿಸಿದ ಕೃತಿಯಿದ್ದ ಪ್ರದರ್ಶನಕ್ಕೆ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ 2024ರಲ್ಲಿ ಬಂತು. ಕೊರಿಯದ ದೊ ಹೊ ಸು ತಾವು ಬಾಳಿದ ಮನೆಗಳನ್ನು ಗೋಡೆ, ಬಾಗಿಲು ಸಮೇತ ಅಳೆದು, ಆಚೆಯದು ಕಾಣುವಂಥ ತೆಳು ಬಟ್ಟೆಯಲ್ಲಿ ಹೊಲಿದರು. 1999ರಲ್ಲಿ ರೇಷ್ಮೆಯಲ್ಲಿ ಹೊಲಿದ ಸೋಲ್ ನಗರದ ಮನೆ ಪ್ರದರ್ಶನವಾದ ಊರೂರಿನ ಹೆಸರೂ ಕೃತಿಯ ಶೀರ್ಷಿಕೆಗೆ ಸೇರುತ್ತ ಹೋಗುತ್ತದೆ. ಸಂಗ್ರಹಾಲಯ ವಸ್ತುವಿನ ವಯಸ್ಸು, ಮೂಲ ಹೇಳಿ ಸುಮ್ಮನಾಗಬಹುದು. ಕಲಾವಿದರು ಆ ವಸ್ತುವಿಗೆ ಏನನ್ನೋ ಮಾಡುತ್ತಾರೆ. ನೀವು ನೋಡಿದ ಪ್ರದರ್ಶನದಲ್ಲಿ ಏನೂ ಮಾಡದೆ ಪಾತ್ರೆಗಳನ್ನು ಸುಮ್ಮನೆ ಇಟ್ಟಿದ್ದರೆ ನಿಮ್ಮ ದೂರು ನ್ಯಾಯವಾದದ್ದು.

ಎರವಲು ತಂದ ವಸ್ತುವಿನ ಹಿಂದೆ ಕಾಣದ ಕೆಲಸವೂ ಬಹಳ. ಬಟ್ಟೆಯನ್ನು ಪಾಲಿಥಿನ್ನಿನಲ್ಲಿ ಗಾಳಿ ತೆಗೆದು ಬಿಗಿದು, −30 ಡಿಗ್ರಿಯಲ್ಲಿ ಮೂರು ದಿನ, ಇಲ್ಲವೇ −20ರಲ್ಲಿ ಎರಡು ವಾರ ಇಟ್ಟು ಹುಳ ಕೊಲ್ಲಬೇಕು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತೇವ ಬಟ್ಟೆಯ ಮೇಲೇ ಕೂರುತ್ತದೆ. ಮಡಿಸಿ ಇಟ್ಟರೆ ಮಡಿಕೆಯಲ್ಲೇ ಹರಿಯುವ ಹಳೆಯ ರೇಷ್ಮೆಯನ್ನು ಕೊಳವೆಗೆ ಸುತ್ತಿಡಬೇಕು. ಕೊಟ್ಟವರ ಎದುರಿಗೇ ಫೋಟೊ ತೆಗೆದು ಬಟ್ಟೆಯ ಮೇಲಿದ್ದ ಕಲೆ, ಹರಕು ಎಲ್ಲ ಬರೆದು ಇಬ್ಬರೂ ಸಹಿ ಹಾಕಬೇಕು. ವಿಮೆ ಅವರ ಮನೆಯ ಗೋಡೆಯಿಂದ ಮತ್ತೆ ಅದೇ ಗೋಡೆಗೆ ಮರಳುವವರೆಗೆ ಇರಬೇಕು. ಅಜ್ಜಿಯ ಸೀರೆಗೆ ಪೇಟೆಯ ಬೆಲೆ ಕಟ್ಟಿದರೆ ಪುಡಿಗಾಸು. ಆದ್ದರಿಂದ ಹಾನಿಯಾದರೆ ಯಾರು ದುರಸ್ತಿ ಮಾಡುತ್ತಾರೆ ಎಂಬುದು ಹಣದ ಮೊತ್ತಕ್ಕಿಂತ ಮೊದಲು ಕರಾರಿನಲ್ಲಿ ಬರಬೇಕು. ಆ ಕರಾರು ಯಾವ ಭಾಷೆಯಲ್ಲಿದೆ? ಸಹಿ ಹಾಕಿದವರಿಗೆ ಓದಲು ಬರುತ್ತದೆಯೇ? ನಮ್ಮ ಹಟ ಇಲ್ಲೂ ಅದೇ.

ಈ ಹಟಕ್ಕೆ ಕಾರಣವಿದೆ. 1985ರಲ್ಲಿ ಕಲಾವಿದೆ ಲುಬೈನಾ ಹಿಮಿದ್ ಹನ್ನೊಂದು ಕಪ್ಪು ಮತ್ತು ಏಷ್ಯಾ ಮೂಲದ ಕಲಾವಿದೆಯರನ್ನು ಸೇರಿಸಿ 'ದ ಥಿನ್ ಬ್ಲ್ಯಾಕ್ ಲೈನ್' ಪ್ರದರ್ಶನ ಮಾಡಿದಾಗ ಲಂಡನ್ನಿನ ಸಮಕಾಲೀನ ಕಲೆಗಳ ಸಂಸ್ಥೆ ಐಸಿಎ ಅವರಿಗೆ ಕೊಟ್ಟದ್ದು ಓಡಾಡುವ ಮೊಗಸಾಲೆಯ ಗೋಡೆ. ಅದೇ ಹಿಮಿದ್ ಅವರಿಗೆ ಟರ್ನರ್ ಪ್ರಶಸ್ತಿ ಸಿಗುವಾಗ 2017, ವಯಸ್ಸು ಅರವತ್ಮೂರು. ಕರಾಚಿಯಲ್ಲಿ ಹುಟ್ಟಿದ ಕಲಾವಿದ ರಶೀದ್ ಅರಾಯಿನ್ ಆಫ್ರಿಕ, ಏಷ್ಯಾ, ಕೆರಿಬಿಯನ್ ಮೂಲದ ಇಪ್ಪತ್ನಾಲ್ಕು ಕಲಾವಿದರ 'ದ ಅದರ್ ಸ್ಟೋರಿ' ಪ್ರದರ್ಶನವನ್ನು ಲಂಡನ್ನಿನ ಹೇವರ್ಡ್ ಗ್ಯಾಲರಿಗೆ ತಂದದ್ದು 1989ರಲ್ಲಿ, ವರ್ಷಗಟ್ಟಲೆ ಬಾಗಿಲು ತಟ್ಟಿದ ಮೇಲೆ. ಆ ಪಟ್ಟಿಯಲ್ಲೂ ಹೆಂಗಸರು ನಾಲ್ವರೇ. ಗೋಡೆ ಯಾರಿಗೂ ತಾನಾಗಿ ಸಿಕ್ಕಿಲ್ಲ. ಸಿಕ್ಕ ಗೋಡೆಯ ಮೇಲೆ ತಮ್ಮ ಲಿಪಿ ಇರಲಿ ಎಂದು ಅವರು ಕೇಳಿದರೆ ಅದನ್ನು ಗದ್ದಲ ಎನ್ನಬೇಡಿ.

ಈಗಲೂ ರೂಢಿ ಅಷ್ಟೇನೂ ಬದಲಾಗಿಲ್ಲ. ಪ್ರದರ್ಶನದ ವಿಷಯ, ಕಲಾವಿದರು, ಹಣ ಎಲ್ಲ ತೀರ್ಮಾನವಾದ ಮೇಲೆ 'ಸಮುದಾಯದ ಸಲಹೆ' ಕೇಳುತ್ತಾರೆ. ಉದ್ಘಾಟನೆಯ ಸಂಜೆ ಅವರನ್ನು ಕರೆದು ಫೋಟೊ ತೆಗೆಯುತ್ತಾರೆ. ಮುಗಿದ ಮೇಲೆ ಅವರ ಧ್ವನಿಮುದ್ರಣ ಯಾವ ಪೆಟ್ಟಿಗೆ ಸೇರಿತು ಎಂದು ಅವರಿಗೇ ತಿಳಿಯದು. ದನಿ ಕೊಟ್ಟವರ ಒಪ್ಪಿಗೆಯನ್ನು ಎರಡು ಸಲ ಕೇಳಬೇಕು, ಮುದ್ರಿಸುವ ಮೊದಲು ಒಮ್ಮೆ, ಕತ್ತರಿಸಿ ಜೋಡಿಸಿದ್ದನ್ನು ಕೇಳಿಸಿದ ಮೇಲೆ ಇನ್ನೊಮ್ಮೆ. ಮುದ್ರಣದ ಒಂದು ಪ್ರತಿ ಅವರ ಮನೆಗೂ ಹೋಗಬೇಕು. ದೀಪ ಹೊಂದಿಸಿದವರ, ಗೋಡೆಗೆ ಬಣ್ಣ ಕೊಟ್ಟವರ ಹೆಸರು ಹಾಕುವ ಗ್ಯಾಲರಿಗಳೂ ಅನುವಾದಕರ ಹೆಸರನ್ನು ಬಿಡುತ್ತವೆ. ನಮ್ಮ ಪತ್ರಿಕಾರಂಗ ಇದಕ್ಕೆ ಹೊರತಲ್ಲ. ಕಲೆಯ ಬಗ್ಗೆ ಕನ್ನಡದಲ್ಲಿ ಬರುವ ಬರಹ ಎಷ್ಟೋ ಸಲ ಗ್ಯಾಲರಿಯ ಇಂಗ್ಲಿಷ್ ಟಿಪ್ಪಣಿಯ ಅವಸರದ ಅನುವಾದ. 'ಡಯಾಸ್ಪೊರಾ' ಎಂಬ ಗ್ರೀಕ್ ಪದಕ್ಕೆ ಚದುರುವಿಕೆ ಎಂದರ್ಥ. ನಾವು ಅದನ್ನು ಒಮ್ಮೆ ವಲಸೆ, ಒಮ್ಮೆ ಅನಿವಾಸಿ ಎಂದು ಬರೆದು ಮುಂದೆ ಹೋಗುತ್ತೇವೆ. ವಲಸೆ ಹೋಗುವ ಕ್ರಿಯೆ, ಅನಿವಾಸಿ ಸರ್ಕಾರಿ ಕಾಗದದ ಪದ. ಚದುರಿಹೋಗಿಯೂ ಒಂದಾಗಿ ನೆನೆಯುವ ಜನ ಎಂಬ ಅರ್ಥ ಎರಡರಲ್ಲೂ ಪೂರ್ತಿ ಬರುವುದಿಲ್ಲ. ಆ ಪದವನ್ನು ಹುಡುಕುವ ಕೆಲಸ ನಮ್ಮದು, ಇನ್ನೂ ಮಾಡಿಲ್ಲ.

ಪ್ರದರ್ಶನ ಇನ್ನೂ ನಡೆಯುತ್ತಿದ್ದರೆ ಮತ್ತೊಮ್ಮೆ ಹೋಗಿ. ಈ ಸಲ ಆ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಎರಡು ಫಲಕಗಳೂ ಒಂದೇ ಮಾತು ಹೇಳುತ್ತವೆಯೇ ಎಂದು ಅವರನ್ನು ಕೇಳಿ. ಎಲ್ಲಿ ಬೇರೆಯಾಗಿದೆಯೋ ಆ ಕೃತಿಯ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿ. ಹೊರಬರುವಾಗ ಮೇಜಿನ ಬಳಿ ಅನುವಾದಕರ ಹೆಸರು ವಿಚಾರಿಸಿ. ಅವರು ಏನು ಹೇಳಿದರು ಎಂದು ನಮಗೆ ಬರೆಯಿರಿ, ಅಚ್ಚು ಹಾಕುತ್ತೇವೆ.