ಥರ್ಮಾಕೋಲ್ ಕಪ್‌ನಲ್ಲಿ ಬಿಸಿ ಸಾಂಬಾರ್ ಹಾಕಿಸಿಕೊಳ್ಳಬಹುದಾ?

ಪ್ರಶ್ನೆ: ನಮ್ಮ ಬೀದಿಯ ಇಡ್ಲಿ ಗಾಡಿಯವರು ಈಗಲೂ ಥರ್ಮಾಕೋಲ್ ಕಪ್‌ನಲ್ಲೇ ಬಿಸಿ ಸಾಂಬಾರ್ ಕೊಡುತ್ತಾರೆ. ಕ್ಯಾನ್ಸರ್ ಬರುತ್ತೆ ಅಂತ ಕೆಲವರು, ಏನೂ ಆಗಲ್ಲ ಅಂತ ಕೆಲವರು. ಹೊಸ ಟಿವಿ ಜೊತೆ ಬಂದ ಥರ್ಮಾಕೋಲ್ ತುಂಡುಗಳೂ ಮನೆಯಲ್ಲಿ ಬಿದ್ದಿವೆ, ಸುಟ್ಟುಬಿಡಬಹುದಾ?
– ಹೆಸರು ಬೇಡ, ಹಾಸನ

ಉತ್ತರ: ಖಂಡಿತ ಸುಡಬೇಡಿ. ಕರಿ ಮಸಿ ಎಳೆಎಳೆಯಾಗಿ ತೇಲುತ್ತದಲ್ಲ, ಆ ಹೊಗೆಯಲ್ಲಿ ಸ್ಟೈರೀನ್ ಎಂಬ ರಾಸಾಯನಿಕ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಎರಡೂ ಇರುತ್ತವೆ.

ಈಗ ಸಾಂಬಾರ್ ವಿಷಯ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳಿಗೆ ಹಬೆ ಕೊಟ್ಟರೆ ಪುರಿ ಥರ ಅರಳುತ್ತವೆ, ಅದೇ ಥರ್ಮಾಕೋಲ್. ಅದರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಪಾಲು ಬರೀ ಗಾಳಿ. ಹಾಗಾಗಿ ಹಗುರ, ಬಿಸಿ ತಂಪು ಎರಡನ್ನೂ ಹಿಡಿದಿಡುತ್ತದೆ. ಮೀನಿನ ಪೆಟ್ಟಿಗೆ, ಲಸಿಕೆ ಸಾಗಿಸುವ ಡಬ್ಬ, ಹೆಲ್ಮೆಟ್ ಒಳಗಿನ ಪದರ, ಇವಕ್ಕೆಲ್ಲ ಒಳ್ಳೆಯ ವಸ್ತುವೇ. ಅಲ್ಲಿ ನನಗೆ ತಕರಾರಿಲ್ಲ.

ತಕರಾರು ತಿನ್ನುವ ಜಾಗದಲ್ಲಿ. ಪಾಲಿಸ್ಟೈರೀನ್ ತಯಾರಾಗುವುದು ಸ್ಟೈರೀನ್‌ನಿಂದ, ಅದರಲ್ಲಿ ಚೂರುಪಾರು ಹಾಗೇ ಉಳಿದುಕೊಂಡಿರುತ್ತದೆ. ಬಿಸಿಯ ಜೊತೆ ಎಣ್ಣೆಯೂ ಸೇರಿದರೆ ಅದು ಊಟಕ್ಕೆ ಇಳಿಯುವುದು ಜಾಸ್ತಿ. ಒಗ್ಗರಣೆ ತೇಲುವ ಸಾಂಬಾರಿನಲ್ಲಿ ಎರಡೂ ಇದೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಸ್ಟೈರೀನನ್ನು ‘ಬಹುಶಃ ಕ್ಯಾನ್ಸರ್ ತರುವಂಥದ್ದು’ ಎಂಬ ಗುಂಪಿಗೆ ಸೇರಿಸಿತು. ಆದರೆ ಆ ತೀರ್ಮಾನ ಬಂದಿದ್ದು ಪ್ರಾಣಿಗಳ ಮೇಲಿನ ಪರೀಕ್ಷೆ ಮತ್ತು ಫ್ಯಾಕ್ಟರಿಯಲ್ಲಿ ಅದರ ಆವಿ ಕುಡಿಯುವ ಕಾರ್ಮಿಕರ ಅಧ್ಯಯನದಿಂದ, ಕಪ್‌ನಲ್ಲಿ ಸಾಂಬಾರ್ ಕುಡಿದವರಿಂದಲ್ಲ. ಹಾಗಾಗಿ ಕುಡಿದದ್ದಕ್ಕೆ ಹೆದರಿ ಕೂರಬೇಡಿ. ದಿನಾ ಕುಡಿಯುವುದು ಮಾತ್ರ ಬೇಡ.

ಲೆಮನ್ ಟೀ ಅಂತೂ ಬೇಡವೇ ಬೇಡ. ಅನುಮಾನವಿದ್ದರೆ ಕಿತ್ತಳೆ ಸಿಪ್ಪೆಯನ್ನು ಟಿವಿಯ ಆ ತುಂಡಿನ ಮೇಲೆ ನಾಲ್ಕಾರು ಸಲ ಹಿಂಡಿ, ಸ್ವಲ್ಪ ಹೊತ್ತು ಬಿಟ್ಟು ಬೆರಳಾಡಿಸಿ. ಅಂಟಂಟಾಗಿ ಸಣ್ಣ ಸಣ್ಣ ಕುಳಿ ಬಿದ್ದಿರುತ್ತದೆ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಥರ್ಮಾಕೋಲನ್ನು ಕರಗಿಸುತ್ತದೆ. ನಿಂಬೆ ಸಿಪ್ಪೆಯಲ್ಲಿರುವುದೂ ಅದೇ.

ಇನ್ನು ಟಿವಿಯ ತುಂಡು. ಗುಜರಿಯವರು ಮುಟ್ಟುವುದಿಲ್ಲ, ಅವರಿಗೆ ದುಡ್ಡು ಹುಟ್ಟುವುದು ತೂಕಕ್ಕೆ, ಇದು ಗೋಣಿ ತುಂಬಿದರೂ ಕಿಲೋ ಬರುವುದು ಕಷ್ಟ. ಜಾಗ ಉಳಿಸಲು ಪುಡಿ ಮಾಡಬೇಡಿ, ಉದುರಿದ ಕಾಳು ಚರಂಡಿಯಿಂದ ಕೆರೆ ಸೇರಿದರೆ ಮೀನು, ಹಕ್ಕಿ ಆಹಾರ ಅಂದುಕೊಂಡು ನುಂಗುತ್ತವೆ. ಇಡಿಯಾಗಿಯೇ ಒಣ ಕಸದ ಗಾಡಿಗೆ ಕೊಡಿ.

ಅಂದಹಾಗೆ, ಇಂಥ ಲೋಟ, ತಟ್ಟೆಗಳನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಗಾಡಿಯವರ ಜೊತೆ ಸುಮ್ನೆ ಜಗಳ ಬೇಡ, ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ. ಡಬ್ಬಿ ದೊಡ್ಡದಿದ್ದರೆ ಒಂದು ಸೌಟು ಜಾಸ್ತಿಯೇ ಹಾಕುತ್ತಾರೆ, ನನ್ನ ಅನುಭವ.