ಗುಂಡ್ಲುಪೇಟೆ ಕಡೆ ದನದ ಡಾಕ್ಟ್ರು ಸತ್ತ ಕೋತಿ ಲೆಕ್ಕ ಯಾಕೆ ಇಡುತ್ತಾರೆ?

ನಾನು ಇಲ್ಲಿಯ ದನದ ಡಾಕ್ಟ್ರು. ಸತ್ತ ಕೋತಿ ಲೆಕ್ಕ ಯಾಕೆ, ಈ ಕೆಲಸಕ್ಕೆ ಏನು ಓದಬೇಕು ಅಂತ ನೀವು ಕೇಳಿದ್ದು ಸರಿಯಾಗಿದೆ. ದನದ ಡಾಕ್ಟ್ರು ಅಂದಮೇಲೆ ದನ ನೋಡಬೇಕು, ಕಾಡಂಚಿನಲ್ಲಿ ಎಷ್ಟು ಕೋತಿ ಸತ್ತವು ಅಂತ ವಿಚಾರಿಸಿಕೊಂಡು ಯಾಕೆ ತಿರುಗುತ್ತೀರಿ? ನಮ್ಮೂರಿನವರೂ ಮೊದಮೊದಲು ಇದನ್ನೇ ಕೇಳುತ್ತಿದ್ದರು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಬದುಕು ಗೊತ್ತಾಗದೆ ಈ ಕೆಲಸ ಅರ್ಥ ಆಗುವುದಿಲ್ಲ.

ನಮ್ಮದು ಚಾಮರಾಜನಗರ ಜಿಲ್ಲೆ, ಗುಂಡ್ಲುಪೇಟೆ ತಾಲ್ಲೂಕು. ಪೇಟೆಯಿಂದ ಒಂದು ರಸ್ತೆ ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ, ಇನ್ನೊಂದು ಬಂಡೀಪುರದ ಮೇಲೆ ಊಟಿಗೆ. ಕಾಡು ಒಂದೇ. ಬಂಡೀಪುರ, ಮುದುಮಲೈ, ವಯನಾಡು ಅಂತ ಬೋರ್ಡು ಮೂರು. ಮೂರು ಸರ್ಕಾರ, ಮೂರು ಭಾಷೆ.

ಈಗ ನಮ್ಮ ದನಗಳ ವಿಷಯ. ಹೊರಗಿನವರು ಕಾಡಂಚಿನ ಹಳ್ಳಿಗೆ ಬಂದರೆ ಒಂದೊಂದು ಮನೆಯ ಮುಂದೆ ಹತ್ತಾರು ಸಣಕಲು ನಾಡ ದನ ನೋಡುತ್ತಾರೆ. ಹಾಲು ಲೆಕ್ಕಕ್ಕೆ ಸಿಗುವಷ್ಟಿಲ್ಲ, ಉಳುಮೆಗೂ ಅಷ್ಟು ಬೇಡ. ಮತ್ಯಾಕೆ ಸಾಕುತ್ತಾರೆ? ಗೊಬ್ಬರಕ್ಕೆ! ಬೆಳಿಗ್ಗೆ ಕಾಡಿಗೆ ಅಟ್ಟುತ್ತಾರೆ, ಸಂಜೆ ಕೊಟ್ಟಿಗೆಗೆ ಬರುತ್ತವೆ, ರಾತ್ರಿ ಬಿದ್ದ ಸಗಣಿ ಗುಡ್ಡೆಯಾಗುತ್ತದೆ, ಆ ಗುಡ್ಡೆಯನ್ನು ಲಾರಿಗೆ ತುಂಬಿ ವಯನಾಡಿನ ಕಾಫಿ ತೋಟಕ್ಕೆ ಕಳಿಸುತ್ತಾರೆ. ಅಂದರೆ ಕಾಡಿನ ಹುಲ್ಲು ನಮ್ಮ ದನದ ಹೊಟ್ಟೆಗೆ ಹೋಗಿ ಕೇರಳದ ಕಾಫಿ ಗಿಡದ ಬುಡ ಸೇರುತ್ತದೆ. ಬಡವರ ಮನೆಯ ಎಷ್ಟೋ ಸ್ಕೂಲ್ ಫೀಸು ಈ ದುಡ್ಡಿನಲ್ಲೇ ಕಟ್ಟಿದ್ದು. ದನ ಕಾಡಿಗೆ ಬಿಡಬೇಡಿ ಅಂತ ಸುಮ್ನೆ ಹೇಳಿಬಿಡುವವರ ಮೇಲೆ ನನಗೆ ಬೇಜಾರು ಬರುವುದು ಇದಕ್ಕೇ.

ಆದರೆ ದನದ ಜೊತೆ ಉಣ್ಣೆಯೂ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳವೂ, ಬರುತ್ತದೆ. ಮಂಗನ ಕಾಯಿಲೆಯ ಕಥೆ ಇರುವುದು ಇಲ್ಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿ, ಮುಸುವಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಅನ್ನುವ ಭಯ ಆಗ ಇತ್ತು. ಸಿಕ್ಕಿದ್ದು ಬೇರೆಯೇ ವೈರಸ್, ಹರಡುವುದು ಉಣ್ಣೆಯಿಂದ. ಕೋತಿಯೂ ನಮ್ಮ ಹಾಗೇ ಕಾಯಿಲೆ ಬಿದ್ದು ಸಾಯುವ ಪ್ರಾಣಿ. ಹಾಗಾಗಿ ಕೋತಿ ಸತ್ತು ಬಿದ್ದರೆ ಕಾಯಿಲೆ ಅಲ್ಲಿರಬಹುದು ಅನ್ನುವ ಸುಳಿವು, ನಾವು ಲೆಕ್ಕ ಇಡುವುದು ಇದಕ್ಕೇ. ದನಕ್ಕೆ ಏನೂ ಆಗುವುದಿಲ್ಲ, ಆದರೆ ಬಲಿತ ಉಣ್ಣೆಗೆ ಹೊಟ್ಟೆ ತುಂಬಾ ರಕ್ತ ಸಿಗುವುದು ದನದ ಮೈಯಲ್ಲೇ. ರಕ್ತ ಕುಡಿದು ಉದುರಿ ಮೊಟ್ಟೆ ಇಡುತ್ತದೆ. ಮನುಷ್ಯರನ್ನು ಜಾಸ್ತಿ ಕಚ್ಚುವುದು ಮರಿ ಉಣ್ಣೆ, ಗಸಗಸೆ ಕಾಳಿನಷ್ಟು ಇರುತ್ತದೆ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜೋರು ಜ್ವರ, ತಲೆ ಸಿಡಿಯುವ ನೋವು, ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ನೂರಕ್ಕೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಮಾತ್ರ ಅಂಟುವುದಿಲ್ಲ, ಜ್ವರ ಬಂದವರನ್ನು ದೂರ ಇಡಬೇಕಿಲ್ಲ.

ಐವತ್ತು ವರ್ಷಕ್ಕೂ ಮೇಲೆ ಇದು ಮಲೆನಾಡು, ಕರಾವಳಿ ಕಡೆಯ ಐದು ಜಿಲ್ಲೆಯ ಕಾಯಿಲೆ ಅಂತಲೇ ಎಲ್ಲರೂ ನಂಬಿದ್ದೆವು. 2012ರ ಕೊನೆಗೆ ಬಂಡೀಪುರದಲ್ಲಿ ಕೋತಿಗಳು ಸತ್ತವು. ಅವುಗಳ ಹೆಣ ಎತ್ತಿ ಸುಟ್ಟ ಅರಣ್ಯ ಸಿಬ್ಬಂದಿಗೇ ಜ್ವರ ಬಂತು, ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತಾಯಿತು. ಆಮೇಲೆ ನೀಲಗಿರಿಯ ಕೋತಿಗಳಲ್ಲಿ ಸಿಕ್ಕಿತು, 2013ರಲ್ಲಿ ವಯನಾಡಿನಲ್ಲಿ, 2015ರಲ್ಲಿ ಅಲ್ಲೇ ನೂರಕ್ಕೂ ಹೆಚ್ಚು ಜನರಿಗೆ. ಅದೇ ಹೊತ್ತಿಗೆ ಆ ತುದಿಯಲ್ಲಿ ಗೋವಾಕ್ಕೂ ಹೋಯಿತು. ಮಂಗನ ಕಾಯಿಲೆ, ಕುರಂಗು ಪನಿ, ಕುರಂಗು ಕಾಯ್ಚಲ್. ಮೂರು ರಾಜ್ಯದಲ್ಲಿ ಹೆಸರು ಮೂರು, ಬೀಳುವ ಕೋತಿ ಒಂದೇ ಹಿಂಡಿನದು. ನಮ್ಮ ಕಡೆ ಬಿದ್ದರೆ ವರದಿ ಬೆಂಗಳೂರಿಗೆ, ನಾಲ್ಕು ಹೆಜ್ಜೆ ಆಚೆ ಬಿದ್ದರೆ ತಿರುವನಂತಪುರಕ್ಕೋ ಚೆನ್ನೈಗೋ. ಒಂದು ಸಲ ಆಚೆ ಕೋತಿ ಸತ್ತ ಸುದ್ದಿ ನನಗೆ ಕಚೇರಿಯಿಂದ ಬಂದದ್ದು ಹನ್ನೊಂದು ದಿನ ಆದಮೇಲೆ. ಅಷ್ಟರಲ್ಲಿ ನಮ್ಮ ದನ ಕಾಯುವ ಹುಡುಗರು ಅದೇ ಹಳ್ಳದಲ್ಲಿ ಹನ್ನೊಂದು ದಿನ ಕೂತು ಬುತ್ತಿ ಉಂಡಿದ್ದರು. ಅವತ್ತು ಬಂದ ಸಿಟ್ಟು ಇನ್ನೂ ಇದೆ. ಅದಾದಮೇಲೆ ಕಾಗದ ಕಾಯುವುದು ಬಿಟ್ಟೆ. ಆಚೆಯ ಇಬ್ಬರು ಡಾಕ್ಟರುಗಳ ನಂಬರ್ ಇಟ್ಟುಕೊಂಡಿದ್ದೇನೆ, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಮಾತಾಡಿಕೊಳ್ಳುತ್ತೇವೆ.

ಇನ್ನೊಂದು ವಿಷಯ ಹೇಳಬೇಕು. ಕೋತಿ ಸತ್ತರೆ ನಮ್ಮಲ್ಲಿ ಹಾಗೇ ಬಿಡುವುದಿಲ್ಲ. ಆಂಜನೇಯ ಅಲ್ವಾ. ಅರಿಶಿನ ಕುಂಕುಮ, ಹೂವಿನ ಹಾರ, ಊರೆಲ್ಲ ಸೇರಿ ಮಣ್ಣು ಮಾಡುತ್ತಾರೆ. ಒಮ್ಮೆ ನಾನು ಹೋಗುವಷ್ಟರಲ್ಲಿ ಒಬ್ಬ ತಾತ ಸತ್ತ ಮುಸುವನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ. ಬಗ್ಗಿ ನೋಡಿದೆ. ಮೈ ತಣ್ಣಗಾಗಿತ್ತು. ಕಿವಿಯ ಅಂಚಿನಿಂದ ಉಣ್ಣೆಗಳು ಒಂದೊಂದಾಗಿ ಇಳಿದು ತಾತನ ತೋಳಿನ ಬಿಳಿ ಕೂದಲೊಳಗೆ ಹೋಗುತ್ತಿದ್ದವು. ಮೈ ಆರಿದ ಕೂಡಲೇ ಅವು ಬೇರೆ ಮೈ ಹುಡುಕುತ್ತವೆ. 'ತಾತ, ತೋಳು ನೋಡಿಕೊಳ್ಳಿ' ಅಂದೆ. 'ಸ್ವಾಮಿ ಮೈಮೇಲಿಂದ ಬಂದದ್ದು, ಏನೂ ಆಗಕಿಲ್ಲ ಕಣ್ ಸಾ' ಅಂದ. ಚಿಮಟ ತೆಗೆದು ಅಲ್ಲೇ ಒಂದೊಂದೇ ಕಿತ್ತು ಸೀಸೆಗೆ ಹಾಕಿದೆ. ಆಮೇಲೆ ಹತ್ತು ದಿನ ಅವನ ಜಗಲಿಗೆ ಹೋಗಿ ಹಣೆ ಮುಟ್ಟಿ ನೋಡಿ ಬರುತ್ತಿದ್ದೆ. ಜ್ವರ ಬರಲಿಲ್ಲ. ಹತ್ತನೇ ದಿನ ಅವನ ಹೆಂಡತಿ ಕೈಗೆ ಕಾಫಿ ಲೋಟ ಕೊಟ್ಟು 'ಇನ್ನೂ ಬರ್ಬೇಕಾ ಸಾ?' ಅಂದಳು.

ಪೂಜೆ ಮಾಡಬೇಡಿ ಅಂತ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹತ್ತು ಮಾರು ದೂರ ನಿಂತು ಕರ್ಪೂರ ಹಚ್ಚಿ, ಮುಟ್ಟಬೇಡಿ, ನಮಗೆ ಫೋನ್ ಮಾಡಿ ಅಂತ ಆ ತಾತನ ಕೈಲೇ ಊರಿಗೆ ಹೇಳಿಸಿದೆ. ನಾವು ಗ್ಲೌಸು, ಗೌನು ಹಾಕಿಕೊಂಡು ಮಾದರಿ ತೆಗೆದು, ಅಲ್ಲೇ ಸುಟ್ಟು, ಸುತ್ತ ಐವತ್ತು ಅಡಿ ಉಣ್ಣೆ ಸಾಯುವ ಪುಡಿ ಹಾಕುತ್ತೇವೆ. ಮೂರನೇ ದಿನದ ಹಾಲು ತುಪ್ಪವನ್ನು ಆ ಜಾಗಕ್ಕೆ ಹೋಗದೆ ಊರ ಆಂಜನೇಯನ ಗುಡಿಯಲ್ಲಿ ಬಿಡುತ್ತಾರೆ. ಈಗ ಕೋತಿ ಬಿದ್ದರೆ ಮೊದಲ ಫೋನ್ ಆ ಊರಿನಿಂದಲೇ ಬರುತ್ತದೆ.

ಮಂಗನ ಕಾಯಿಲೆ ಒಂದೇ ಅಂದುಕೊಳ್ಳಬೇಡಿ. ಕೇರಳದಲ್ಲಿ ನಿಪಾ ಅಂದರೆ, ಹಕ್ಕಿಜ್ವರ ಅಂದರೆ ನಮ್ಮ ಚೆಕ್‌ಪೋಸ್ಟಿನಲ್ಲಿ ರಾತ್ರಿ ಹಗಲು ಕೆಲಸ. ಆದರೆ ನನ್ನನ್ನು ಹೆಚ್ಚು ಕಾಡುವುದು ಪೇಪರಿನಲ್ಲಿ ಬಾರದ ಕಾಯಿಲೆ, ಬ್ರುಸೆಲ್ಲಾ. ಹಸು ಏಳು ತಿಂಗಳಿಗೆ ಕಂದು ಹಾಕುತ್ತದೆ, ಮನೆಯ ಹೆಂಗಸು ಬರಿಗೈಯಲ್ಲಿ ಅದರ ಕಸ, ಅಂದರೆ ಮಾಸು, ತೆಗೆಯುತ್ತಾಳೆ. ಕೆಲವು ವಾರ ಕಳೆದು ಅವಳಿಗೆ ಬಂದು ಹೋಗುವ ಜ್ವರ, ಬೆವರು, ಸೊಂಟ ನೋವು. ಆಸ್ಪತ್ರೆಗೆ ಹೋದರೆ ಮಾತ್ರೆ ಕೊಟ್ಟು ಕಳಿಸುತ್ತಾರೆ. ನಿಮ್ಮ ಮನೆಯಲ್ಲಿ ಹಸು ಕಂದು ಹಾಕಿತಾ ಅಂತ ಒಂದು ಮಾತು ಕೇಳಿದರೆ ಸಾಕು, ದಾರಿ ಸಿಗುತ್ತದೆ. ಕೇಳುವವರು ಕಡಿಮೆ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಇದೆ, ದಯವಿಟ್ಟು ಹಾಕಿಸಿ.

ಓದಿನ ಬಗ್ಗೆ ಕೇಳಿದ್ದಿರಿ. ದನದ ಡಾಕ್ಟ್ರ ಪದವಿ ಬಿ.ವಿ.ಎಸ್ಸಿ. ಐದೂವರೆ ವರ್ಷ, ಆಮೇಲೆ ಎಂ.ವಿ.ಎಸ್ಸಿ.ಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಎಪಿಡೆಮಿಯಾಲಜಿ, ಅಂದರೆ ಕಾಯಿಲೆ ಹೇಗೆ ಹರಡುತ್ತದೆ ಅನ್ನುವ ವಿಷಯ. ಯಲಹಂಕದ ನಿವೇದಿ (ಪ್ರಾಣಿಗಳ ಕಾಯಿಲೆ ಹರಡುವುದನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ) ಇರುವುದೇ ಇಂಥ ಕೆಲಸಕ್ಕೆ. ಲೆಕ್ಕ, ಕಂಪ್ಯೂಟರು, ನಕ್ಷೆ ಎಲ್ಲ ಅಲ್ಲಿ ಕಲಿಯಬಹುದು. ದನ ಕಾಯುವವರ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, ಈ ವಾರ ಕಾಡಿನಲ್ಲಿ ಏನು ಬೇರೆ ಥರ ಕಂಡಿರಿ ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುವುದನ್ನು ಇಲ್ಲಿಗೆ ಬಂದೇ ಕಲಿಯಬೇಕು.

ಬರುವುದಾದರೆ ಡಿಸೆಂಬರ್‌ನಲ್ಲಿ ಬನ್ನಿ, ಮರಿ ಉಣ್ಣೆ ಏಳುವ ಕಾಲ. ಒಂದು ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತೇವೆ, ಹತ್ತು ಹೆಜ್ಜೆಗೊಮ್ಮೆ ತಿರುಗಿಸಿ ಅಂಟಿದ್ದನ್ನು ಎಣಿಸುತ್ತೇವೆ. ಎಳೆಯಲು ಒಬ್ಬರು ಯಾವಾಗಲೂ ಕಡಿಮೆಯೇ. ತುಂಬು ತೋಳಿನ ತಿಳಿ ಬಣ್ಣದ ಅಂಗಿ ಹಾಕಿಕೊಳ್ಳಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ವಾಪಸ್ ಬಂದ ಕೂಡಲೇ ಬಿಸಿನೀರು ಹಾಕಿಕೊಂಡು ಬಟ್ಟೆ ಬದಲಿಸಲು ಇನ್ನೊಂದು ಜೊತೆ ತನ್ನಿ.